ಒಂಬತ್ತರ ಕೆಂಪು ಚುಕ್ಕಿ

ಇವತ್ತು ಬೆಳಿಗ್ಗೆ ಬಾಗಿಲ ಸಂದಿಯಿಂದ ಮಜ್ಜಿಗೆಹುಲ್ಲಿನ ವಾಸನೆ ಬಂತು. ಹಾಲು ಹಾಕಿದ ಚಹಾದಲ್ಲಿ ಮಜ್ಜಿಗೆಹುಲ್ಲು, ಪುದೀನ, ಜಜ್ಜಿದ ಶುಂಠಿ ಒಟ್ಟಿಗೆ ಕುದಿಯುವಾಗ ಬರುವ ವಾಸನೆ. ನಾನು ಹಲ್ಲುಜ್ಜುತ್ತಿದ್ದೆ. ಬಾಯಲ್ಲಿ ನೊರೆ ಇಟ್ಟುಕೊಂಡೇ ಹೋಗಿ ಬಾಗಿಲು ತೆರೆದೆ. ಒಂದು ಕೆಲಸವನ್ನು ನಡುವೆ ಬಿಟ್ಟು ಏಳುವ ಅಭ್ಯಾಸ ನನಗಿಲ್ಲ. ಗಂಟೆ ಬಾರಿಸಿ ಎಬ್ಬಿಸಿ, ಗಂಟೆ ಬಾರಿಸಿ ಉಣಿಸಿ, ಗಂಟೆ ಬಾರಿಸಿ ಮಲಗಿಸುತ್ತಿದ್ದ ಧಾರವಾಡದ ಹಾಸ್ಟೆಲಿನಲ್ಲಿ ಬೆಳೆದವನು. ಆದರೂ ಹೋದೆ.

ಎದುರು ಫ್ಲ್ಯಾಟಿಗೆ ಹೋದ ತಿಂಗಳು ಹಾಸನದ ಕಡೆಯ ಸಂಸಾರವೊಂದು ಬಂದಿದೆ. ಬ್ಯಾಂಕಿನ ವರ್ಗಾವಣೆ. ಎರಡೂ ಬಾಗಿಲುಗಳ ನಡುವೆ ಒಂದು ಒಡಕು ಬಕೆಟಿನಲ್ಲಿ ಮಜ್ಜಿಗೆಹುಲ್ಲಿನ ಪೊದೆ ಇದೆ. ಕೊಯ್ದುಕೊಳ್ಳಬಹುದೇ ಎಂದು ಆ ಮನೆಯಾಕೆ ನಿನ್ನೆ ಕೇಳಿದ್ದರು. ಕೊಯ್ಯಿರಿ ಎಂದಿದ್ದೆ. ಅದು ನನ್ನದಲ್ಲ ಎಂದು ಮಾತ್ರ ಹೇಳಲಿಲ್ಲ. ನೀರು ಹಾಕುವವನು ನಾನು, ನೆಟ್ಟವರು ಬಾ.

ಗುಜರಾತಿಯಲ್ಲಿ ಬಾ ಎಂದರೆ ತಾಯಿ. ವಯಸ್ಸಾದ ಹೆಂಗಸರನ್ನೆಲ್ಲ ಇಲ್ಲಿ ಹಾಗೇ ಕರೆಯುತ್ತಾರೆ. ಅಹಮದಾಬಾದಿನ ಬೋಡಕ್‌ದೇವ್‌ನ ನಮ್ಮ ಈ ಕಟ್ಟಡದಲ್ಲಿ ಬಾ ಎನ್ನಿಸಿಕೊಂಡವರು ಹಲವರಿದ್ದರು. ನನ್ನ ಮಟ್ಟಿಗೆ ಎದುರು ಫ್ಲ್ಯಾಟಿನಲ್ಲಿ ಮೊದಲಿದ್ದವರು ಒಬ್ಬರೇ. ಕನ್ನಡದ ಕಿವಿಗೆ ಆ ಹೆಸರು ಬೇರೆಯೇ ಕೇಳಿಸುತ್ತದೆ. ನನ್ನ ಹೆಂಡತಿಗೆ ಅದೊಂದು ಮುಗಿಯದ ತಮಾಷೆ. “ಛಲೋ ಆತು. ಹೆಸರು ಹಿಡದು ಕರದ್ಹಂಗೂ ಆತು, ಒಳಗ ಬಾ ಅಂದ್ಹಂಗೂ ಆತು” ಎನ್ನುತ್ತಿದ್ದಳು. ಬಾ ಕೂಡ ಬಿಟ್ಟವರಲ್ಲ. ನಾವು ಮದ್ರಾಸಿಗಳಲ್ಲ, ಕರ್ನಾಟಕದವರು ಎಂದು ನಾನು ಬಹಳ ಸಲ ತಿದ್ದಿದ ಮೇಲೆ, ಬಂದವರಿಗೆಲ್ಲ ನನ್ನನ್ನು ‘ಕರ್ನಾಟಕದ ಮದ್ರಾಸಿ’ ಎಂದು ಪರಿಚಯಿಸತೊಡಗಿದರು.

ನಾನು ಪ್ರೋಗ್ರಾಮರ್ ಆಗಿದ್ದವನು. ಆ ಪದಕ್ಕೆ ಈಗಿನ ಹೊಳಪು ಆಗ ಇರಲಿಲ್ಲ. ವಡೋದರಾದ ಕಾರ್ಖಾನೆಯೊಂದರಲ್ಲಿ ಹಾಜರಿಯ ಲೆಕ್ಕಕ್ಕೆ ಪ್ರೋಗ್ರಾಂ ಬರೆಯುವುದರಿಂದ ಶುರುಮಾಡಿ, ಸೂರತ್ ಪಕ್ಕದ ಹಜೀರಾದಲ್ಲಿ ಒಂದು ರಾಸಾಯನಿಕ ಘಟಕದ ಕಂಟ್ರೋಲ್ ರೂಮಿನಲ್ಲಿ ನನ್ನ ಸರ್ವಿಸ್ ಮುಗಿಯಿತು. ಬರೆದದ್ದು ಯಂತ್ರಕ್ಕಾದರೂ ಅರಿತದ್ದು ಮನುಷ್ಯನ ಮನಸ್ಸನ್ನು ಎಂಬ ಜಂಬ ನನಗಿತ್ತು. ಹೊಸಬರಿಗೆ ತರಬೇತಿ ಕೊಡುವಾಗ ನನ್ನ ಅಭಿಪ್ರಾಯಗಳನ್ನು ಧಾರಾಳವಾಗಿ ಹಂಚುತ್ತಿದ್ದೆ. ಅವುಗಳಲ್ಲಿ ಮುಖ್ಯವಾದದ್ದು ಇದು: ಯಂತ್ರ ಕೇಳುವ ಪ್ರಶ್ನೆಗೆ ಮನುಷ್ಯ ನಿಜ ಹೇಳುವುದಿಲ್ಲ, ಬೇಗ ಮುಗಿಯುವ ಉತ್ತರ ಹೇಳುತ್ತಾನೆ.

ಅದಕ್ಕೆ ಆಧಾರವಾಗಿ ಒಂದು ಕಥೆ ಇತ್ತು. ಹಜೀರಾದ ಆ ಕಂಟ್ರೋಲ್ ರೂಮಿನ ಫಲಕದಲ್ಲಿ ಒಂದು ಗುಂಡಿ. ಆಗಾಗ ಗಂಟಲು ಕಟ್ಟಿದಂಥ ಒಂದು ಸದ್ದು ಹೊರಡುತ್ತಿತ್ತು. ಕೂತಿದ್ದ ಆಪರೇಟರ್ ಗುಂಡಿ ಒತ್ತಿ ‘ಎಚ್ಚರವಾಗಿದ್ದೇನೆ’ ಎಂದು ತಿಳಿಸಬೇಕು. ಒಬ್ಬ ಆಪರೇಟರ್ ಗುಂಡಿಯ ಪಕ್ಕದ ಸಂದಿಗೆ ಒಂದು ಬೆಂಕಿಕಡ್ಡಿ ಸಿಕ್ಕಿಸಿ ಅದು ಒತ್ತಿಕೊಂಡೇ ಇರುವಂತೆ ಮಾಡಿದ್ದ. ಸದ್ದು ಬರುವುದೇ ನಿಂತಿತ್ತು. ಆ ಘಟಕದ ಗೇಟಿನೊಳಗೆ ಬೆಂಕಿಪೆಟ್ಟಿಗೆ ತರುವುದು ದೊಡ್ಡ ಅಪರಾಧ. ಆತ ಕಡ್ಡಿಯ ತುದಿಯ ಮದ್ದನ್ನು ಮನೆಯಲ್ಲೇ ಕೆರೆದು ತೆಗೆದು, ಬರೀ ಕಡ್ಡಿ ತಂದಿದ್ದ. ನೋಡಿ, ಎಂದು ನಾನು ಹೊಸಬರಿಗೆ ಹೇಳುತ್ತಿದ್ದೆ, ಬೆಂಕಿಯ ಭಯ ಅವನಿಗೆ ನಿಜವಾಗಿತ್ತು, ಆದ್ದರಿಂದ ಆ ನಿಯಮವನ್ನು ಪಾಲಿಸಿದ. ತನಗೆ ನಿದ್ದೆ ಬಂದೀತೆಂಬ ಭಯ ಇರಲಿಲ್ಲ, ಆದ್ದರಿಂದ ಈ ನಿಯಮಕ್ಕೆ ಕಡ್ಡಿ ಸಿಕ್ಕಿಸಿದ. ಎಲ್ಲರೂ ನಗುತ್ತಿದ್ದರು. ಗುಂಡಿಯನ್ನು ಬಿಟ್ಟು ಮತ್ತೆ ಒತ್ತಿದರೆ ಮಾತ್ರ ಲೆಕ್ಕಕ್ಕೆ ಬರುವಂತೆ ನಾನು ಪ್ರೋಗ್ರಾಮನ್ನು ಬದಲಿಸಿದೆ. ಆ ಆಪರೇಟರನ ಮುಖ ಈಗ ನೆನಪಿಲ್ಲ. ಆತನ ಕಡ್ಡಿಯನ್ನು ಮಾತ್ರ ವರ್ಷಗಟ್ಟಲೆ ಮಾರಿಕೊಂಡು ತಿಂದೆ.

ಬಾ ಈ ಕಥೆಯನ್ನು ಕೇಳಿದ್ದರು. ಅವರು ನಕ್ಕಿರಲಿಲ್ಲ. ಅವನಿಗೆ ಮನೆಯಲ್ಲಿ ಏನಾಗಿತ್ತು ಎಂದು ಕೇಳಿದ್ದರು. ನನಗೆ ಗೊತ್ತಿರಲಿಲ್ಲ…

ನಿವೃತ್ತನಾಗಿ ಅಹಮದಾಬಾದಿಗೆ ಬಂದ ಮೇಲೆ ನನಗೆ ಸಿಕ್ಕ ದೊಡ್ಡ ಕೆಲಸವೆಂದರೆ ಈ ಕಟ್ಟಡದ ಮುದುಕರು. ಹಿಂದಿನ ಬ್ಲಾಕಿನಲ್ಲಿ ಒಂಟಿಯಾಗಿದ್ದ ಒಬ್ಬರು ತೀರಿಕೊಂಡದ್ದು, ಬಾಗಿಲಲ್ಲಿ ಹಾಲಿನ ಪೊಟ್ಟಣಗಳು ಒಂದರ ಮೇಲೊಂದು ಬಿದ್ದ ಮೇಲೆ ತಿಳಿಯಿತು. ಸೊಸೈಟಿಯ ಸೆಕ್ರೆಟರಿ ಸಭೆ ಕರೆದರು. ಎಲ್ಲರೂ ಮರುಗಿದರು. ನಾನು ಮರುಗುವುದರಲ್ಲಿ ಸಮಯ ಕಳೆಯದೆ, ಮೊಬೈಲಿನಲ್ಲಿ ನಡೆಯುವ ಒಂದು ಪುಟ್ಟ ಪ್ರೋಗ್ರಾಂ ಬರೆದುಕೊಡುತ್ತೇನೆ ಎಂದೆ. ಏರ್ಪಾಡು ಸರಳ. ಬೆಳಿಗ್ಗೆ ಆರಕ್ಕೆ ಪ್ರತಿಯೊಬ್ಬ ಹಿರಿಯರ ಮೊಬೈಲಿಗೂ ಒಂದು ಪ್ರಶ್ನೆ ಬರುತ್ತದೆ, ಕೆಳಗೊಂದು ಗುಂಡಿ. ಒತ್ತಿದರೆ ಅವರ ಹೆಸರಿನ ಮುಂದೆ ಹಸಿರು ಚುಕ್ಕಿ. ಒಂಬತ್ತರೊಳಗೆ ಒತ್ತದಿದ್ದರೆ ಕೆಂಪು. ಚುಕ್ಕಿ ಉಳಿದವರಿಗೂ ಕಾಣುತ್ತದೆ, ಬೇರೆ ಊರಿನಲ್ಲಿರುವ ಮಕ್ಕಳಿಗೂ ಕಾಣುತ್ತದೆ. ಕೆಂಪಾದರೆ ಎದುರು ಬಾಗಿಲಿನವರು ಹೋಗಿ ನೋಡಬೇಕು. ಆ ಲೆಕ್ಕದಲ್ಲಿ ಬಾ ಅವರಿಗೆ ನಾನು ಕಾವಲು, ನನಗೆ ಅವರು.

ಗುಂಡಿಯ ಮೇಲೆ ನಾನು ‘ನಾನು ಬದುಕಿದ್ದೇನೆ’ ಎಂದು ಬರೆದಿದ್ದೆ. ಸ್ಪಷ್ಟವಾಗಿರಲಿ ಎಂದು. ಸಭೆಯಲ್ಲಿ ತೋರಿಸಿದಾಗ ಬಾ ತಲೆಯ ಮೇಲಿನ ಸೆರಗು ಸರಿಮಾಡಿಕೊಂಡು, ಬೆಳ್ಳಂಬೆಳಿಗ್ಗೆ ಎದ್ದು ದೇವರ ಹೆಸರು ಹೇಳುವ ಮುಂಚೆ ಇದನ್ನು ಯಾರು ಹೇಳುತ್ತಾರೆ, ಚಿತ್ರಗುಪ್ತನಿಗೆ ಅರ್ಜಿ ಕೊಟ್ಟ ಹಾಗಿದೆ ಎಂದರು. ಸಭೆ ನಕ್ಕಿತು. ಮತ್ತೇನು ಬರೆಯಲಿ ಎಂದು ನಾನು ಕೇಳಿದೆ. ಅವರು ಯೋಚಿಸಲೂ ಇಲ್ಲ. ಈ ನಾಡಿನಲ್ಲಿ ಕೇಳುವುದೊಂದೇ, ಹೇಳುವುದೊಂದೇ. “ಕೇಮ್ ಛೋ?” ಎಂದರೆ ಹೇಗಿದ್ದೀರಿ, “ಮಜಾಮಾ” ಎಂದರೆ ಆನಂದವಾಗಿದ್ದೇನೆ. ಕಾಲು ಮುರಿದು ಬಿದ್ದಿದ್ದರೂ ಗುಜರಾತಿ ಮನುಷ್ಯ ಮಜಾಮಾ ಎಂದೇ ಹೇಳುತ್ತಾನೆ, ಅದನ್ನೇ ಬರೆಯಿರಿ ಎಂದರು. ಬರೆದೆ. ಪ್ರೋಗ್ರಾಮಿಗೂ ಅದೇ ಹೆಸರಾಯಿತು.

ಮೊದಲ ವರ್ಷ ಎಲ್ಲವೂ ಚೆನ್ನಾಗಿ ನಡೆಯಿತು. ಆಮೇಲೆ ನನ್ನ ಹೆಂಡತಿ ಹೋದಳು. ಅದರ ಬಗ್ಗೆ ಇಲ್ಲಿ ಹೆಚ್ಚು ಬರೆಯುವುದಿಲ್ಲ. ಒಂದು ಮಾತು ಸಾಕು: ನಿಮ್ಮ ಹೊಟ್ಟ್ಯಾಗ ಒಂದು ಗಂಟಿ ಅದ, ಅದು ಹೊಡದ್ರನ ನಿಮಗ ಹಸಿವು ಎಂದು ಆಕೆ ಹಂಗಿಸುತ್ತಿದ್ದಳು, ಆಕೆ ಹೋದ ಮರುದಿನವೂ ಆ ಗಂಟೆ ಹೊಡೆಯಿತು. ನಾನು ಹೊತ್ತಿಗೆ ಸರಿಯಾಗಿ ಊಟ ಮಾಡಿದೆ. ಬಂದಿದ್ದ ನೆಂಟರು ಮುಖ ಮುಖ ನೋಡಿಕೊಂಡರು.

ಮಗಳು ವಡೋದರಾದಲ್ಲಿ ಹಲ್ಲಿನ ಡಾಕ್ಟರು. ಗುಜರಾತಿನಲ್ಲೇ ಹುಟ್ಟಿ ಬೆಳೆದವಳು. ಅವಳ ಕನ್ನಡ ಕುಂಟುತ್ತದೆ, ಗುಜರಾತಿ ಓಡುತ್ತದೆ. ತಾಯಿ ಹೋದ ಹೊಸತರಲ್ಲಿ ದಿನಾ ಬೆಳಿಗ್ಗೆ ಫೋನ್ ಮಾಡುತ್ತಿದ್ದಳು. ತಿಂಡಿ ಏನು, ಗುಳಿಗೆ ತಗೊಂಡ್ರಾ, ಇಷ್ಟೇ ಮಾತು. ತಾಯಿಯ ಜೊತೆ ಕನ್ನಡದಲ್ಲಿ ಆಡುತ್ತಿದ್ದ ಮಾತಿಗೆ ಈಗ ನಾನೊಬ್ಬನೇ ದಿಕ್ಕಾದ್ದರಿಂದ ಅವಳು ಕಷ್ಟಪಟ್ಟು ಕನ್ನಡದಲ್ಲೇ ಆಡುತ್ತಿದ್ದಳು. ಒಮ್ಮೆ ನಾಲ್ಕಾರು ದಿನ ಫೋನ್ ಬರಲಿಲ್ಲ. ನಾನೇ ಮಾಡಿದೆ. “ಅಪ್ಪಾ, ಐ ಚೆಕ್. ನೀವು ದಿನಾ ಗ್ರೀನ್ ಇದೀರಿ. ಮತ್ತೆ ಯಾಕೆ ಟೆನ್ಶನ್?” ಎಂದಳು. ನಾನು ಬರೆದ ಪ್ರೋಗ್ರಾಂ ಅವಳ ಒಂದು ಚಿಂತೆಯನ್ನು ತೆಗೆದುಹಾಕಿತ್ತು. ಅದಕ್ಕಾಗಿಯೇ ಬರೆದದ್ದು. ದೂರುವುದಕ್ಕೆ ಏನೂ ಇರಲಿಲ್ಲ.

ಆ ದಿನಗಳಲ್ಲಿ ಬೆಳಿಗ್ಗೆ ಪ್ರಶ್ನೆ ಬಂದಾಗ ನನ್ನ ಹೆಬ್ಬೆರಳು ಗುಂಡಿಯ ಮೇಲೆ ಇಳಿಯುತ್ತಿರಲಿಲ್ಲ. ಇದ್ದದ್ದು ಒಂದೇ ಗುಂಡಿ, ಅದರ ಮೇಲೆ ಒಂದೇ ಪದ. ಮಜಾಮಾ. ಆನಂದವಾಗಿದ್ದೇನೆ ಎಂದು ಒತ್ತಬೇಕು, ಇಲ್ಲವೇ ಸತ್ತಿದ್ದೇನೆ ಎಂದು ತಿಳಿಯಲು ಬಿಡಬೇಕು. ನಡುವೆ ಏನೂ ಇಟ್ಟಿರಲಿಲ್ಲ. ಇಡದಿದ್ದವನು ನಾನೇ. ಒಂದು ದಿನ ಕೂತು, ನನ್ನ ಹೆಸರು ಬಂದಾಗ ಕಾಯದೆ ತಾನೇ ಹಸಿರು ಮಾಡಿಕೊಳ್ಳುವಂತೆ ಪ್ರೋಗ್ರಾಮಿಗೆ ಎರಡು ಸಾಲು ಸೇರಿಸಿದೆ. ನನಗೆ ನಾನೇ ಹೇಳಿಕೊಂಡ ಕಾರಣ ಚೆನ್ನಾಗಿತ್ತು. ಆರು ಗಂಟೆಗೆ ನಾನು ಏಳದೆ ಇದ್ದದ್ದು ಹಾಸ್ಟೆಲಿನ ದಿನದಿಂದ ಇಲ್ಲ; ಗೊತ್ತಿರುವ ಸಂಗತಿಯನ್ನು ದಿನಾ ಕೇಳುವ ಪ್ರೋಗ್ರಾಂ ಕೆಟ್ಟ ಪ್ರೋಗ್ರಾಂ. ನಿಜವಾದ ಕಾರಣ, ಸುಳ್ಳು ಹೇಳಲು ನಾಚಿಕೆಯಾಗಿತ್ತು. ಆ ಸುಳ್ಳನ್ನು ಯಂತ್ರ ಹೇಳಲಿ ಎಂದು ಬಿಟ್ಟೆ. ನಾವು ಯಂತ್ರಗಳಿಗೆ ಒಪ್ಪಿಸಿರುವ ಕೆಲಸಗಳಲ್ಲಿ ಇಂಥವು ಎಷ್ಟಿವೆಯೋ ಎಂದು ಈಗ ಯೋಚಿಸುತ್ತೇನೆ. ಆಗ ಯೋಚಿಸಲಿಲ್ಲ. ಅಂದಿನಿಂದ ನನ್ನ ಚುಕ್ಕಿ ಕಟ್ಟಡದಲ್ಲೇ ಮೊದಲು ಹಸಿರಾಗುವ ಚುಕ್ಕಿಯಾಯಿತು. ಸೆಕ್ರೆಟರಿ ಅದನ್ನು ಉಳಿದವರಿಗೆ ಮಾದರಿಯಾಗಿ ತೋರಿಸಿದರು. ನಾನು ಬೇಡ ಎನ್ನಲಿಲ್ಲ.

ಬಾ ಅವರ ಚುಕ್ಕಿಯ ಕಥೆ ತದ್ವಿರುದ್ಧ. ಅದು ದಿನಾ ಕೆಂಪಾಗುತ್ತಿತ್ತು.

ಒಂಬತ್ತು ಹೊಡೆದ ತಕ್ಷಣ ನಾನು ಪತ್ರಿಕೆ ಮಡಿಸಿಟ್ಟು, ಚಪ್ಪಲಿ ಮೆಟ್ಟಿ, ನಾಲ್ಕು ಹೆಜ್ಜೆಯ ದೂರದ ಅವರ ಬಾಗಿಲು ತಟ್ಟುತ್ತಿದ್ದೆ. ಬಾಗಿಲು ತೆರೆದಿರುತ್ತಿತ್ತು. ಬಾ ಉಯ್ಯಾಲೆಯ ಮೇಲೆ ಕೂತು, ಒಂದು ಪಾದದಿಂದ ನೆಲವನ್ನು ಮೆಲ್ಲಗೆ ಒತ್ತುತ್ತ ತೂಗಿಕೊಳ್ಳುತ್ತಿರುತ್ತಿದ್ದರು. ಮೊಬೈಲು ಪಕ್ಕದಲ್ಲೇ. ಚಹಾ ಸೋಸಿಟ್ಟಿರುತ್ತಿತ್ತು. “ಭೂಲಿ ಗಈ” ಎನ್ನುತ್ತಿದ್ದರು, ಮರೆತೆ ಎಂದು. ಹಣೆಗೆ ಬೆರಳು ಬಡಿದುಕೊಂಡು. ನಾನು ಮೊಬೈಲು ಕೈಗೆ ತೆಗೆದುಕೊಂಡು, ಇಲ್ಲಿ ಪ್ರಶ್ನೆ ಬರುತ್ತದೆ, ಇಲ್ಲಿ ಗುಂಡಿ ಇದೆ, ಹೀಗೆ ಒತ್ತಬೇಕು ಎಂದು ಮೊದಲಿನಿಂದ ಹೇಳಿಕೊಡುತ್ತಿದ್ದೆ. ಅವರು ಸರಿಯಾಗಿ ತಲೆದೂಗುತ್ತಿದ್ದರು. ಕೂರಿ ಎನ್ನುತ್ತಿದ್ದರು. ಚಹಾ ಆರಿಹೋಗುತ್ತದೆಂದು ಕೂರುತ್ತಿದ್ದೆ. ನನ್ನ ದಿನಚರಿಯಲ್ಲಿ ಆ ಹೊತ್ತು ಹಾಳಾಗುತ್ತಿತ್ತು. ನಂತರ ಬಟ್ಟೆ ಒಗೆಯುವುದು, ನಂತರ ತರಕಾರಿ, ಎಲ್ಲವೂ ಹಿಂದೆ ಬೀಳುತ್ತಿತ್ತು.

ಅಲ್ಲಿ ಕೂತು ನಾವೇನು ಮಾತಾಡಿದೆವು ಎಂದು ಕೇಳಿದರೆ ಹೇಳುವುದು ಕಷ್ಟ. ಸೂರತ್‌ನಲ್ಲಿ ಬಟ್ಟೆ ವ್ಯಾಪಾರ ಮಾಡುವ ಮಗ ತನ್ನ ಮನೆಗೆ ಬಾ ಬಾ ಎಂದು ಕರೆಯುತ್ತಾನೆ, ಹದಿನೇಳನೇ ಮಹಡಿಯಲ್ಲಿ ನಾನು ಕಾಗೆಗಳಿಗೆ ಏನು ಹಾಕಲಿ ಎನ್ನುತ್ತಿದ್ದರು. ನನ್ನ ಹೆಂಡತಿ ಸಾರಿಗೆ ಬೆಲ್ಲ ಹಾಕುವುದನ್ನು ತಮ್ಮಿಂದ ಕಲಿತಳು ಎನ್ನುತ್ತಿದ್ದರು. ಇಲ್ಲ, ಅದು ಮೊದಲೇ ಆಕೆಗೆ ಗೊತ್ತಿತ್ತು ಎನ್ನುತ್ತಿದ್ದೆ. ಇದರ ಮೇಲೆ ಹಲವು ಬೆಳಿಗ್ಗೆ ವಾದ ನಡೆದಿದೆ. ಆಕೆಯ ಹೆಸರು ದಿನಕ್ಕೊಮ್ಮೆ ಯಾರಾದರೂ ಜೋರಾಗಿ ಹೇಳುತ್ತಿದ್ದದ್ದು ಆ ಒಂದು ಜಾಗದಲ್ಲಿ ಮಾತ್ರ… ಇದನ್ನು ಆಗ ಗಮನಿಸಿರಲಿಲ್ಲ.

ಬಾ ಅವರನ್ನು ನಾನು ಮನಸ್ಸಿನಲ್ಲಿ ಒಂದು ಖಾನೆಗೆ ಹಾಕಿಬಿಟ್ಟಿದ್ದೆ. ಬಳಸಲು ಬಾರದವರು. ಪ್ರೋಗ್ರಾಮರುಗಳು ಜನರನ್ನು ಹೀಗೆ ಖಾನೆಗೆ ಹಾಕುತ್ತಾರೆ: ಬಳಸುವವರು, ಬಳಸಲು ಬಾರದವರು. ಬಳಸಲು ಬಂದೂ ಬಳಸದವರಿಗೆ ನಮ್ಮಲ್ಲಿ ಖಾನೆ ಇಲ್ಲ. ಸೆಕ್ರೆಟರಿಗೆ ನಾನೇ ಹೇಳಿದ್ದೆ, ಆಕೆಗೆ ವಯಸ್ಸಾಗಿದೆ, ತಲೆಗೆ ಹತ್ತುವುದಿಲ್ಲ ಎಂದು. ಬಾ ಅಲ್ಲೇ ಲಿಫ್ಟಿನ ಪಕ್ಕ ನಿಂತಿದ್ದರು. ಕೇಳಿಸಿರಬೇಕು.

ಚಳಿಗಾಲದ ಒಂದು ಬೆಳಿಗ್ಗೆ ನಾನು ಬಚ್ಚಲಲ್ಲಿ ಜಾರಿ ಬಿದ್ದೆ. ಎಡಗಡೆಯ ಸೊಂಟದಲ್ಲಿ ಒಂದು ಸದ್ದು ಕೇಳಿಸಿತು. ಬರೀ ಟವೆಲ್ ಸುತ್ತಿಕೊಂಡಿದ್ದೆ, ಅದೂ ಸರಿದಿತ್ತು, ಕೈಗೆ ಎಟುಕುತ್ತಿರಲಿಲ್ಲ. ನಲ್ಲಿ ತೆರೆದೇ ಇತ್ತು. ಮೊಬೈಲು ಹೊರಗೆ ಮೇಜಿನ ಮೇಲೆ. ಮೊದಲು ನನಗೆ ಬಂದ ಯೋಚನೆ ಏನೆಂದರೆ, ಒಂಬತ್ತರ ತನಕ ತಡೆದರೆ ಸಾಕು, ಕೆಂಪಾಗುತ್ತದೆ. ಆ ಯೋಚನೆ ಪೂರ್ತಿಯಾಗುವ ಮುಂಚೆಯೇ ನೆನಪಾಯಿತು. ನನ್ನ ಚುಕ್ಕಿ ಆಗಲೇ ಹಸಿರಾಗಿತ್ತು. ನಾಳೆಯೂ ಹಸಿರಾಗುತ್ತದೆ. ನಾನು ಇಲ್ಲಿ ಬಿದ್ದುಕೊಂಡಿರುವಷ್ಟು ದಿನವೂ, ಆಮೇಲೂ, ಎಲ್ಲರಿಗಿಂತ ಮೊದಲು ಹಸಿರಾಗುತ್ತದೆ. ವಡೋದರಾದಲ್ಲಿ ಮಗಳು ಅದನ್ನು ನೋಡಿ ನಿಶ್ಚಿಂತೆಯಿಂದ ಕ್ಲಿನಿಕ್ಕಿಗೆ ಹೋಗುತ್ತಾಳೆ.

ನೋವಿಗಿಂತ ಹೆಚ್ಚಾಗಿ ನಾಚಿಕೆಯಾಯಿತು. ಸಾಯಲು ನಾಚಿಕೆಯಾಯಿತು ಎಂದರೆ ನಗಬಹುದು. ಆದರೆ ಹಾಗೇ ಆಯಿತು. ಸತ್ತ ಮೇಲೆ ಯಾರೋ ಆ ಎರಡು ಸಾಲುಗಳನ್ನು ಓದುತ್ತಾರೆ ಎಂಬ ನಾಚಿಕೆ.

ಕೂಗಿದೆ. ಏನೆಂದು ಕೂಗಿದೆ ಎಂದರೆ, ಬಾ, ಬಾ ಎಂದು. ಅವರ ಹೆಸರು ಹಿಡಿದು ಕೂಗಿದೆನೋ, ಯಾರಾದರೂ ಬರಲಿ ಎಂದು ಕನ್ನಡದಲ್ಲಿ ಕೂಗಿದೆನೋ, ಇವತ್ತಿಗೂ ಹೇಳಲಾರೆ. ನಲ್ಲಿಯ ಸದ್ದಿನಲ್ಲಿ ನನ್ನ ದನಿ ನನಗೇ ಕೇಳಿಸುತ್ತಿರಲಿಲ್ಲ.

ಎಷ್ಟೋ ಹೊತ್ತಿನ ಮೇಲೆ ಮುಂಬಾಗಿಲ ಬೀಗ ತೆರೆದ ಸದ್ದಾಯಿತು. ನನ್ನ ಹೆಂಡತಿ ಒಂದು ಕೀಲಿ ಬಾ ಅವರ ಹತ್ತಿರ ಇಟ್ಟಿದ್ದಳು. ನನಗೆ ಮರೆತೇ ಹೋಗಿತ್ತು. ಚಪ್ಪಲಿಯ ಸದ್ದು ಅಡಿಗೆಮನೆಗೆ ಹೋಯಿತು, ಕೋಣೆಗೆ ಹೋಯಿತು, ಬಚ್ಚಲ ಬಾಗಿಲ ಹೊರಗೆ ನಿಂತಿತು.

“ಕೇಮ್ ಛೋ?” ಎಂದರು ಬಾ.

“ಮಜಾಮಾ” ಎಂದೆ.

ಬಾಯಿ ತಾನಾಗಿಯೇ ಹೇಳಿತು. ಆಮೇಲೆ ಕದ ಸ್ವಲ್ಪ ತೆರೆಯಿತು. ಮುಖವನ್ನು ಆಚೆ ತಿರುಗಿಸಿಕೊಂಡೇ ಬಾ ಒಂದು ಹೊದಿಕೆಯನ್ನು ಒಳಗೆ ಎಸೆದರು. ಅದು ನನ್ನ ಮೇಲೆ ಬಿತ್ತೇ ಎಂದು ಕೇಳಿದರು. ಬಿತ್ತು ಎಂದ ಮೇಲೆಯೇ ತಿರುಗಿ ನೋಡಿ, ಒಳಗೆ ಬಂದು ನಲ್ಲಿ ನಿಲ್ಲಿಸಿದರು. ಒಂಬತ್ತಾಯಿತು, ಬೈಯಲು ಯಾಕೆ ಬರಲಿಲ್ಲ ಎಂದು ನೋಡಲು ಬಂದೆ ಎಂದರು.

ಆಂಬುಲೆನ್ಸ್ ಬರುವಷ್ಟರಲ್ಲಿ ಕಟ್ಟಡದ ಅರ್ಧ ಜನ ನನ್ನ ಮನೆಯಲ್ಲಿದ್ದರು. ಸ್ಟ್ರೆಚರಿನ ಮೇಲೆ ಮಲಗಿದ್ದ ನನ್ನ ಪಕ್ಕ ಸೆಕ್ರೆಟರಿ ತಮ್ಮ ಮೊಬೈಲು ಹಿಡಿದು ನಿಂತಿದ್ದರು. ಅವರದು ಕೆಟ್ಟ ಉದ್ದೇಶವಲ್ಲ, ನಿಜವಾಗಿಯೂ ತಲೆಕೆಟ್ಟಿತ್ತು. “ಅಂಕಲ್, ತಮೇ ತೋ ಗ್ರೀನ್ ಛೋ” ಎಂದರು. ನೀವು ಹಸಿರಿನಲ್ಲಿದ್ದೀರಲ್ಲ ಎಂದು. ನಾನು ಬಾಯಿ ತೆರೆದೆ. ನನಗಿಂತ ಮುಂಚೆ ಬಾ ಹೇಳಿದರು: “ದಬಾವೀನೇ ಪಡ್ಯಾ.”

ಒತ್ತಿ ಆಮೇಲೆ ಬಿದ್ದರು. ಸೆಕ್ರೆಟರಿ ತಲೆದೂಗಿದರು. ಎಂಥ ಶಿಸ್ತು ನೋಡಿ, ಎಂದು ಪಕ್ಕದವರಿಗೆ ಹೇಳಿದರು. ನಾನು ಕಣ್ಣು ಮುಚ್ಚಿಕೊಂಡೆ. ನೋವಿನಿಂದ ಎಂದು ಎಲ್ಲರೂ ತಿಳಿದರು.

ಆಸ್ಪತ್ರೆಗೆ ಬಾ ಥರ್ಮಾಸಿನಲ್ಲಿ ಚಹಾ ತಂದರು. ಮಗಳು ಹಣ್ಣು ತರಲು ಕೆಳಗೆ ಹೋಗಿದ್ದಳು. ನನ್ನ ಸಲುವಾಗಿ ಸುಳ್ಳು ಹೇಳಿದವರಿಗೆ ನಿಜ ಹೇಳಬೇಕಾದದ್ದು ನ್ಯಾಯ ಎನ್ನಿಸಿ, ಎರಡು ಸಾಲಿನ ಸಂಗತಿ ಹೇಳಿದೆ. ತಾಂತ್ರಿಕವಾಗಿ ವಿವರಿಸತೊಡಗಿದೆ, ಹಾಗೆ ಹೇಳಿದರೆ ತಪ್ಪು ಚಿಕ್ಕದಾಗಿ ಕಾಣುತ್ತದೆ. ಬಾ ಥರ್ಮಾಸಿನ ಮುಚ್ಚಳಕ್ಕೆ ಚಹಾ ಸುರಿದು ನನ್ನ ಕೈಗೆ ಕೊಟ್ಟರು.

“ದೀವಾಸಳೀ?” ಎಂದರು.

ಬೆಂಕಿಕಡ್ಡಿಯೇ? ಅಷ್ಟೇ ಕೇಳಿದ್ದು. ಆ ಪದದಲ್ಲಿ ಕೊಂಕಿರಲಿಲ್ಲ. ಅವನಿಗೆ ಮನೆಯಲ್ಲಿ ಏನಾಗಿತ್ತು ಎಂದು ಹಿಂದೊಮ್ಮೆ ಕೇಳಿದ ದನಿಯಲ್ಲೇ ಕೇಳಿದರು. ನಾನು ಮುಖ ಗೋಡೆಯ ಕಡೆ ತಿರುಗಿಸಿದೆ. ಆ ಆಪರೇಟರ್, ಅವನ ಮದ್ದು ಕೆರೆದ ಕಡ್ಡಿ, ನಗುತ್ತಿದ್ದ ಹೊಸಬರು, ಎಲ್ಲರೂ ಆ ಗೋಡೆಯ ಮೇಲಿದ್ದರು…

ಮನೆಗೆ ಬಂದ ಮೇಲೆ ಬಹಳ ದಿನ ನಾನು ವಾಕರ್ ಹಿಡಿದು ನಡೆಯಬೇಕಾಯಿತು. ರಜೆ ಹಾಕಿ ಬಂದಿದ್ದ ಮಗಳನ್ನು ನಾನೇ ಒತ್ತಾಯಿಸಿ ವಾಪಸು ಕಳಿಸಿದ ಮೇಲಿನ ಮೊದಲ ಬೆಳಿಗ್ಗೆ ಮೊಬೈಲು ತೆರೆದು ನೋಡಿದೆ. ಬಾ ಅವರ ಚುಕ್ಕಿ ಹಸಿರಾಗಿತ್ತು. ಆರು ಹೊಡೆದು ಇನ್ನೂ ಬಹಳ ಹೊತ್ತಾಗಿರಲಿಲ್ಲ. ಸ್ವಲ್ಪ ಹೊತ್ತಿಗೆ ಬೀಗ ತೆರೆದ ಸದ್ದು, ಚಹಾದ ವಾಸನೆ. ಮರುದಿನವೂ ಹಾಗೇ. ಅದರ ಮರುದಿನವೂ. ನಾನು ಎದ್ದು ಅವರ ಬಾಗಿಲಿಗೆ ಹೋಗಲಾರದ ಅಷ್ಟೂ ದಿನ ಅವರ ಚುಕ್ಕಿ ತಪ್ಪದೆ ಹಸಿರಾಯಿತು.

ಒತ್ತುವುದು ನಿಮಗೆ ಗೊತ್ತಿತ್ತೇ ಎಂದು ಕೇಳಿದೆ.

ದಿನಾ ಬಂದು ಹೇಳಿಕೊಡುತ್ತಿದ್ದಿರಲ್ಲ, ನಾನೇನು ದಡ್ಡಿಯೇ ಎಂದರು ಬಾ. ಕಾಲ ಮೇಲೆ ಕೂತ ನೊಣವನ್ನು ಸೆರಗಿನಿಂದ ಓಡಿಸಿದರು. ನಾನು ವಾಕರ್ ಬಿಟ್ಟು ಅವರ ಬಾಗಿಲ ತನಕ ನಡೆಯಬಲ್ಲೆ ಎಂದಾದ ದಿನ, ಚುಕ್ಕಿ ಮತ್ತೆ ಕೆಂಪಾಯಿತು. ಹೋದೆ. “ಭೂಲಿ ಗಈ” ಎಂದರು. ನಾನು ಮೊಬೈಲು ತೆಗೆದುಕೊಂಡು, ಇಲ್ಲಿ ಪ್ರಶ್ನೆ ಬರುತ್ತದೆ, ಇಲ್ಲಿ ಗುಂಡಿ ಇದೆ ಎಂದು ಮೊದಲಿನಿಂದ ಹೇಳಿಕೊಟ್ಟೆ. ನನ್ನ ಎರಡು ಸಾಲುಗಳನ್ನು ಅಳಿಸಿಹಾಕಿದ್ದೆ. ಅದನ್ನು ಅವರಿಗೆ ಹೇಳಲಿಲ್ಲ.

ಎರಡು ವರ್ಷದ ಹಿಂದೆ ಮಗ ಬಂದು ಅವರನ್ನು ಸೂರತ್‌ಗೆ ಕರೆದುಕೊಂಡು ಹೋದ. ಕಣ್ಣಿನ ಆಪರೇಶನ್ ಮುಗಿಸಿ ಕಳಿಸುತ್ತೇನೆ ಎಂದಿದ್ದ. ಕಳಿಸಲಿಲ್ಲ. ಫ್ಲ್ಯಾಟಿಗೆ ಬೀಗ ಬಿತ್ತು. ಇಲ್ಲಿ ಇಲ್ಲದವರ ಹೆಸರು ಪ್ರೋಗ್ರಾಮಿನಲ್ಲಿ ಯಾಕೆ, ತೆಗೆಯೋಣವೇ ಎಂದು ಸೆಕ್ರೆಟರಿ ಕೇಳಿದಾಗ, ಬಾ ಒಪ್ಪಲಿಲ್ಲವಂತೆ. ಇರಲಿ ಬಿಡಿ ಎಂದು ನಾನೂ ಹೇಳಿದೆ. ಮೊದಲ ಬೆಳಿಗ್ಗೆಯೇ ಒಂಬತ್ತಕ್ಕೆ ಅವರ ಚುಕ್ಕಿ ಕೆಂಪಾಯಿತು. ಎದುರು ಬಾಗಿಲಿನವನು ಹೋಗಿ ನೋಡಬೇಕೆಂಬುದು ನಿಯಮ. ನಡುವೆ ಈಗ ಅಹಮದಾಬಾದಿನಿಂದ ಸೂರತ್‌ವರೆಗಿನ ರೈಲುದಾರಿ ಇತ್ತು. ಫೋನ್ ಮಾಡಿದೆ. ಮರೆತೆ, ಎಂದರು. ಕಾಗೆಗಳು ಹದಿನೇಳನೇ ಮಹಡಿಗೂ ಬರುತ್ತವೆ ಎಂದು ವರದಿ ಕೊಟ್ಟರು. ಮಜ್ಜಿಗೆಹುಲ್ಲಿಗೆ ನೀರು ಹಾಕಿದಿರಾ ಎಂದು ಕೇಳಿದರು. ಹೀಗೆ ನಡೆಯಿತು. ನಾನು ಹೋಗಿ ನೋಡಿಬರಬಹುದಿತ್ತು. ಸೂರತ್ ನನಗೆ ಹೊಸದೇ? ದಿನಚರಿ ಅಡ್ಡ ಬಂತು ಎಂದರೆ ಈಗ ನನಗೇ ನಂಬಿಕೆಯಾಗುವುದಿಲ್ಲ.

ಕಳೆದ ಬೇಸಿಗೆಯ ಒಂದು ಬೆಳಿಗ್ಗೆ ಅವರ ಚುಕ್ಕಿ ಹಸಿರಾಗಿತ್ತು.

ಆ ಕ್ಷಣ ನನಗೆ ಏನನ್ನಿಸಿತು ಎಂಬುದನ್ನು ಬರೆಯಲೇಬೇಕು. ಇಲ್ಲದಿದ್ದರೆ ಈ ಲೇಖನಕ್ಕೆ ಅರ್ಥವಿಲ್ಲ. ನನಗೆ ಸಮಾಧಾನವಾಯಿತು. ಅಂದು ಬ್ಯಾಂಕಿಗೆ ಹೋಗುವುದಿತ್ತು, ಬಿಸಿಲೇರುವ ಮುಂಚೆ ಹೊರಡಬೇಕಿತ್ತು. ಒಂದು ಕೆಲಸ ಕಮ್ಮಿಯಾಯಿತು ಎಂದುಕೊಂಡೆ. ಹಸಿರು ಎಂದರೆ ಏನೆಂದು ಈ ಕಟ್ಟಡದಲ್ಲಿ ಎಲ್ಲರಿಗಿಂತ ಚೆನ್ನಾಗಿ ತಿಳಿದಿದ್ದವನು ನಾನು. ಬಾ ಹಸಿರಾದರೆ ಏನೋ ಸರಿಯಿಲ್ಲ ಎಂದು ಲೋಕದಲ್ಲಿ ಗೊತ್ತಿದ್ದವನು ನಾನೊಬ್ಬನೇ. ಆದರೂ ಚುಕ್ಕಿ ನೋಡಿದೆ, ನಂಬಿದೆ, ಛತ್ರಿ ತೆಗೆದುಕೊಂಡು ಹೊರಟೆ.

ಸಂಜೆ ಮಗ ಫೋನ್ ಮಾಡಿದ. ಹಿಂದಿನ ದಿನವೇ ಆಸ್ಪತ್ರೆಗೆ ಸೇರಿಸಿದ್ದರಂತೆ. ಬೆಳಿಗ್ಗೆಯೆಲ್ಲ ಎಚ್ಚರವಿತ್ತಂತೆ, ಮಾತಾಡುತ್ತಿದ್ದರಂತೆ. ಮಧ್ಯಾಹ್ನ ಹೋದರು. ಬಾ ಅವರ ಮೊಬೈಲು ಸೊಸೆಯ ಪರ್ಸಿನಲ್ಲಿತ್ತು. ಆಸ್ಪತ್ರೆಯ ಕಾರಿಡಾರಿನಲ್ಲಿ ಅದು ಕುಯ್‌ಗುಟ್ಟಿತು, ಯಾರಿಗೂ ತೊಂದರೆಯಾಗದಿರಲಿ ಎಂದು ಅಲ್ಲಿದ್ದ ಒಂದೇ ಗುಂಡಿಯನ್ನು ಒತ್ತಿಬಿಟ್ಟೆ ಎಂದು ಸೊಸೆ ಆಮೇಲೆ ಹೇಳಿದಳು. ಅದರಲ್ಲಿ ಅವಳ ತಪ್ಪೇನೂ ಇಲ್ಲ. ಸದ್ದು ಮಾಡುವ ವಸ್ತುವಿನ ಬಾಯಿ ಮುಚ್ಚಿಸಲು ನಾವೆಲ್ಲ ಒತ್ತುವುದು ಹಾಗೆಯೇ. ನಾನೇ ತರಬೇತಿಯಲ್ಲಿ ಹೇಳುತ್ತಿದ್ದ ಮಾತು ಅದು.

ಒಂಬತ್ತಕ್ಕೆ ನಾನು ಫೋನ್ ಮಾಡಿದ್ದರೂ ಬಾ ಬದುಕುತ್ತಿರಲಿಲ್ಲ. ಅದು ಗೊತ್ತು. ಆದರೆ ಸೊಸೆ ಎತ್ತುತ್ತಿದ್ದಳು, ಬಾ ಅವರ ಕಿವಿಗೆ ಹಿಡಿಯುತ್ತಿದ್ದಳು. ನಾನು ಕೇಮ್ ಛೋ ಎನ್ನುತ್ತಿದ್ದೆ. ಅವರು ಏನು ಹೇಳುತ್ತಿದ್ದರು ಎಂಬುದೂ ಗೊತ್ತು. ಆ ಒಂದು ಪದವನ್ನು ಅವರ ಬಾಯಿಂದ ಕೇಳಿ, ಅದು ಸುಳ್ಳೆಂದು ತಿಳಿದೂ ಸ್ವಲ್ಪ ಹೊತ್ತು ಸುಮ್ಮನೆ ಫೋನ್ ಹಿಡಿದುಕೊಂಡಿರಬಹುದಿತ್ತು. ಯಂತ್ರ ಪ್ರಶ್ನೆ ಕೇಳಬಲ್ಲದು, ಉತ್ತರ ಪಡೆಯಬಲ್ಲದು. ಉತ್ತರ ಬಂದ ಮೇಲೂ ಕೂತಿರಲು ಅದಕ್ಕೆ ಬಾರದು. ಇದು ನನ್ನ ಕೊನೆಯ ಅಭಿಪ್ರಾಯ. ಯಾರ ಮುಂದೆಯೂ ಇದನ್ನು ಹೇಳುವ ಮುಖ ನನಗಿಲ್ಲ.

ಇವತ್ತು ಬಾಗಿಲು ತೆರೆದು ನಿಂತಾಗ ಎದುರುಮನೆಯಾಕೆ ಹೊರಗೆ ಬಂದು, ನಿಮ್ಮ ಹುಲ್ಲು ಹಾಕಿ ಚಹಾ ಮಾಡಿದ್ದೇನೆ ಸಾರ್, ಒಂದು ಲೋಟ ಕೊಡಲೇ ಎಂದರು. ನನ್ನ ಬಾಯಿತುಂಬ ನೊರೆ. ಕೈಯಲ್ಲೇ ಆಮೇಲೆ ಎಂದು ಸನ್ನೆ ಮಾಡಿ ಒಳಗೆ ಬಂದೆ. ಬಾಯಿ ತೊಳೆದೆ. ಪತ್ರಿಕೆ ಓದಿದೆ. ಮೊಬೈಲು ಮೇಜಿನ ಮೇಲಿತ್ತು. ಪ್ರಶ್ನೆ ಆಗಲೇ ಬಂದಿತ್ತು, ಕೆಳಗೆ ಗುಂಡಿ. ನಾನು ಕೈಕಟ್ಟಿಕೊಂಡು ಕೂತೆ.

ಒಂಬತ್ತು ಹೊಡೆಯಿತು. ಫೋನ್ ಬಂತು. ವಡೋದರಾದಿಂದ ಮಗಳು, ದಿನದ ಹಾಗೆ.

“ಅಪ್ಪಾ, ಮತ್ತೆ ರೆಡ್! ನೀವೇ ಮಾಡಿದ್ದು ಪ್ರೋಗ್ರಾಂ, ನೀವೇ ಒತ್ತಲ್ಲ. ಸ್ಕ್ರೀನ್ ನೋಡಿ. ಕ್ವೆಶ್ಚನ್ ಇದೆ ಅಲ್ವಾ?”

ಇದೆ, ಎಂದೆ.

“ಅದರ ಕೆಳಗೆ ಹಸಿರ್ ಬಟನ್. ಅದನ್ನ ಒಂದ್ಸಲ ಹಿಂಗೆ ಒತ್ತಬೇಕು. ಗೊತ್ತಾಯ್ತಾ?”

ಅವಳ ಕುಂಟುವ ಕನ್ನಡದಲ್ಲಿ ಮೊದಲಿನಿಂದ ಕೊನೆಯ ತನಕ ಹೇಳಿಕೊಟ್ಟಳು. ನಾನು ಪೂರ್ತಿ ಕೇಳಿಸಿಕೊಂಡೆ.

“ಭೂಲಿ ಗಯೋ” ಎಂದೆ.